ಚಾಚಾ ಬೆರಳಿಟ್ಟ ಜಾಗ

ಬಣ್ಣಕ್ಕೆ ಬೆರೆಸುವ ಥಿನ್ನರ್ ಡಬ್ಬಿಯ ಮುಚ್ಚಳ ತೆಗೆದಾಗಲೆಲ್ಲ ನನಗೆ ಬಸವಕಲ್ಯಾಣದ ಆ ಮಧ್ಯಾಹ್ನ ನೆನಪಾಗುತ್ತದೆ. ಎಂದಿನಂಥದೇ ದಿನ. ಪೇಂಟರ್ ಚಾಚಾ ಅಂಗಡಿಯ ಷಟರನ್ನು ಮೊಣಕಾಲೆತ್ತರಕ್ಕೆ ಇಳಿಸಿಕೊಂಡು, ಬಲ್ಬಿನ ಕೆಳಗೆ ಕುಕ್ಕರುಗಾಲಲ್ಲಿ ಕುಳಿತು, ನಾನು ಕೊಯ್ದು ತಂದ ಹಲಗೆಗೆ ನೀಲಿ ಬಳಿಯುತ್ತಿದ್ದರು. ಹೊರಗೆ ಮುಡಬಿಗೆ ಹೋಗುವ ರಸ್ತೆ ಅಗೆದು ಹಾಕಿದ್ದರು. ಒಂದು ಲಾರಿ ಹೋದರೆ ಸಾಕು, ಧೂಳು ಒಳಗೆ ನುಗ್ಗುತ್ತಿತ್ತು.

"ಷಟರ್ ಎತ್ತಲೇನ್ರಿ ಚಾಚಾ? ಉಸಿರು ಕಟ್ಟಾಕತ್ತದ."

"ಎತ್ತಬ್ಯಾಡ ಮಿಸ್ತ್ರಿ. ಹಸಿ ನೀಲಿ ಮ್ಯಾಲ ಧೂಳ ಕೂತ್ರ ಸಮುದ್ರ ಹೋಗಿ ಮುಡಬಿ ರಸ್ತಾ ಆಗ್ತದ," ಎಂದು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ಬೇಗ ನಿಲ್ಲಲಿಲ್ಲ...

ನಾನು ಹುಮನಾಬಾದಿನಲ್ಲಿ ಬಡಿಗ. ಹೈದರಾಬಾದ್ ಕಡೆಯ ಒಂದು ರಿಸಾರ್ಟ್‌ನವರು ಹುಲ್ಲುಹಾಸಿನ ಮೇಲೆ ಆಡುವ ಆಟದ ಹಲಗೆಗಳನ್ನು ನನ್ನಿಂದ ಮಾಡಿಸುತ್ತಿದ್ದರು. ಓರೆಯಾಗಿ ನಿಲ್ಲಿಸಿದ ಹಲಗೆ, ಮೇಲ್ತುದಿಯಲ್ಲಿ ಒಂದು ದುಂಡನೆಯ ತೂತು. ದೂರ ನಿಂತು ಕಾಳು ತುಂಬಿದ ಸಣ್ಣ ಚೀಲ ಎಸೆದು ಅದರೊಳಗೆ ಬೀಳಿಸಬೇಕು. ಈಜುಕೊಳದ ಪಕ್ಕ ಇಡುವುದರಿಂದ ಸಮುದ್ರದ ಜೀವಿಗಳೇ ಬೇಕು ಎಂದಿದ್ದರು. ಮೀನು, ಆಮೆ, ಏಡಿ, ತಿಮಿಂಗಿಲ... ಒಂದೊಂದು ಹಲಗೆಗೆ ಒಂದೊಂದು. ಬರೆಯಲು ಚಾಚಾ ಬಿಟ್ಟರೆ ನನಗೆ ಬೇರೆ ಯಾರೂ ಹೊಳೆಯಲಿಲ್ಲ. ಅಂಗಡಿಗಳ ಬೋರ್ಡೆಲ್ಲ ಫ್ಲೆಕ್ಸ್ ಆದ ಮೇಲೆ ಅವರ ಕುಂಚಗಳು ಡಬ್ಬಿಯಲ್ಲೇ ಒಣಗಿ ನಿಂತಿದ್ದವು.

ಅವರದೊಂದು ಷರತ್ತಿತ್ತು. ಜೀವ ಕೊಡುವುದು ದೇವರ ಕೆಲಸ, ಜೀವ ಇರುವುದರ ಕಣ್ಣು ಬರೆಯುವುದಿಲ್ಲ ಎಂದು ಅವರು ತಮ್ಮ ಅಬ್ಬಾಗೆ ಮಾತು ಕೊಟ್ಟಿದ್ದರು. ಮೈ, ರೆಕ್ಕೆ, ಬಾಲ ಎಲ್ಲ ಅವರದು, ಕಣ್ಣು ನನ್ನದು. ಬಣ್ಣ ಒಣಗಿದ ಮೇಲೆ ಅವರು ಹಲಗೆಯ ಮುಂದೆ ಸುಮ್ಮನೆ ಕೂತು ನೋಡುತ್ತಿದ್ದರು. ಆಮೇಲೆ ಕಿರುಬೆರಳನ್ನು ಒಂದು ಕಡೆ ಇಟ್ಟು, "ಇಲ್ಲಿ" ಎನ್ನುತ್ತಿದ್ದರು. ಬೆರಳು ತೆಗೆದ ಜಾಗದಲ್ಲಿ ನಾನು ಚುಕ್ಕೆ ಇಡಬೇಕು. ಅವರು ಬಾಗಿಲ ತನಕ ಹಿಂದೆ ಸರಿದು, "ಹಾಂ, ಈಗ ನೋಡಾಕತ್ತದ" ಎಂದರೆ ಹಲಗೆ ಮುಗಿದಂತೆ.

ಒಮ್ಮೆ ಅವರು ನಮಾಜಿಗೆ ಹೋದಾಗ ಏಡಿಯ ಕಣ್ಣನ್ನು ನಾನೇ ಅಂದಾಜಿನಲ್ಲಿ ಇಟ್ಟುಬಿಟ್ಟೆ. ಚಾಚಾ ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಏ ಮಿಸ್ತ್ರಿ, ಇದ್ಯಾಕ ಹುಮನಾಬಾದ್ ಬಸ್ಸಿನ ದಾರಿ ನೋಡಾಕತ್ತದ?" ನಿಜಕ್ಕೂ ಹಾಗೇ ಕಾಣುತ್ತಿತ್ತು. ಅಳಿಸಿದೆ. ಅವರು ಬೆರಳಿಟ್ಟರು, ನನ್ನ ಚುಕ್ಕೆಗಿಂತ ಕೂದಲೆಳೆಯಷ್ಟು ಕೆಳಗೆ. ಅಷ್ಟಕ್ಕೇ ಏಡಿಗೆ ಜೀವ ಬಂತು.

ಆ ಮಧ್ಯಾಹ್ನ ಬರೆಯುತ್ತಿದ್ದುದು ಆಕ್ಟೋಪಸ್. ತೂತಿನ ಸುತ್ತ ಅದರ ಎಂಟೂ ಕಾಲುಗಳನ್ನು ಹೆಣೆದಿದ್ದರು. "ಇದು ಮದುಮಗ ಆದ್ರ ನಾದಿನಿಗೋಳು ರೊಕ್ಕ ಕೀಳಾಕ ಎಷ್ಟು ಬೂಟು ಮುಚ್ಚಿಡಬೇಕೋ!" ಎಂದರು. ಕಣ್ಣಿಡಲು ನಾನು ಕುಂಚ ತೆಗೆದೆ. ಅವರು ಕೈ ಅಡ್ಡ ಹಿಡಿದರು.

"ನಾಳಿ ಬಾ. ತಲಿ ಇನ್ನಾ ಹಸಿ ಅದ, ಬೆರಳಿಗಿ ಹತ್ತತದ."

ಷಟರ್ ಕೆಳಗೆ ನುಸುಳಿ ಹೊರಬಂದೆ. ಗಾಳಿ ಜೋರಾಗಿತ್ತು. ಹಿಂದಿನಿಂದ ಅವರು ಷಟರನ್ನು ಪೂರ್ತಿ ಕೆಳಗೆಳೆದ ಸದ್ದು ಕೇಳಿಸಿತು. ಬಸ್ ಸ್ಟ್ಯಾಂಡಿನ ಕಡೆ ನಡೆದೆ...

ಸಂಜೆ ಅವರ ಹೆಂಡತಿ ಚಾಚಿ ಚಹಾ ತಂದಾಗ ಷಟರ್ ಹಾಗೇ ಮುಚ್ಚಿತ್ತು. ತಟ್ಟಿ ತಟ್ಟಿ, ಕೊನೆಗೆ ಕೂಗಿಕೊಂಡರು. ಪಕ್ಕದ ಅಂಗಡಿಯವರು ಬಂದು ಎತ್ತಿದರು. ಒಳಗೆಲ್ಲ ಥಿನ್ನರ್ ವಾಸನೆ ತುಂಬಿತ್ತಂತೆ. ಚಾಚಾ ಹಲಗೆಯ ಪಕ್ಕ ಬಿದ್ದಿದ್ದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು. ಮರುದಿನ ಕಣ್ಣಿಡಲೆಂದು ಬಸ್ಸಿಳಿದು ಹೋದ ನನಗೆ ಕಂಡದ್ದು ಅಂಗಡಿಯ ಮುಂದೆ ನಿಂತ ಜನ. ಒಳಗೆ ನೀಲಿ ಒಣಗಿತ್ತು. ಅದರ ಮೇಲೆ ಒಂದು ಕಣ ಧೂಳೂ ಇರಲಿಲ್ಲ.

ಈಗ ರಿಸಾರ್ಟ್‌ನವರಿಗೆ ಬರೀ ಹಲಗೆ ಮಾಡಿ ಕಳಿಸುತ್ತೇನೆ. ಚಿತ್ರದ ಸ್ಟಿಕ್ಕರನ್ನು ಅವರೇ ಅಂಟಿಸಿಕೊಳ್ಳುತ್ತಾರೆ. ಆಕ್ಟೋಪಸ್ಸಿನ ಹಲಗೆಯನ್ನು ಮಾತ್ರ ಕೊಡಲಿಲ್ಲ. ನನ್ನ ಅಂಗಡಿಯ ಗೋಡೆಗೆ ಆನಿಸಿ ಇಟ್ಟಿದ್ದೇನೆ. ಹೋದ ವಾರ ನೆಂಟರ ಮನೆಗೆಂದು ಹುಮನಾಬಾದಿಗೆ ಬಂದಿದ್ದ ಚಾಚಿ ಒಳಗೆ ಬಂದು ಅದರ ಮುಂದೆ ನಿಂತರು.

"ಕುರುಡ ಯಾಕ ಇಟ್ಟಿಯೋ ಬೇಟಾ? ನೀನೇ ಹಾಕಿಬಿಡು."

"ಎಲ್ಲಿ ಹಾಕ್ಲಿ ಚಾಚಿ?"

ಅವರು ಬೆರಳೆತ್ತಿದರು. ಆಕ್ಟೋಪಸ್ಸಿನ ತಲೆಯ ಹತ್ತಿರ ಒಯ್ದರು. ಸ್ವಲ್ಪ ಹೊತ್ತು ಹಾಗೇ ಹಿಡಿದು, ಹಲಗೆಗೆ ತಾಗಿಸದೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ನಂಗೂ ಗೊತ್ತಿಲ್ಲೋ," ಎಂದರು.

ಅವರು ಹೋದ ಮೇಲೆ ಥಿನ್ನರ್ ಡಬ್ಬಿ ತೆಗೆದು ಕಪ್ಪು ಕಲಸಿದೆ. ಕುಂಚ ಹಿಡಿದು ಕೂತೆ. ಬಟ್ಟಲಲ್ಲಿ ಬಣ್ಣ ಕೆನೆಗಟ್ಟಿತು, ಆಮೇಲೆ ಒಣಗಿತು...

ಆಕ್ಟೋಪಸ್ಸಿಗೆ ಇನ್ನೂ ಕಣ್ಣಿಲ್ಲ.