ಸ್ಟಾಂಪು ಬಿದ್ದ ಒಂದೇ ನೋಟು

ಆ ಹೋಟೆಲಿನ ಹೆಸರು ಕೇಳಿದರೆ ಈಗಲೂ ನನಗೆ ಬಾಯಿ ಕಹಿಯಾಗುತ್ತದೆ. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿದೆ. ಅದರ ಮೇಜು, ಕುರ್ಚಿ, ಕ್ಯಾಶ್ ಕೌಂಟರು, ಗೋಡೆಯ ಮರಗೆಲಸ ಎಲ್ಲ ದುಬೈಯ ರಾಸ್ ಅಲ್ ಖೋರ್‌ನಲ್ಲಿದ್ದ ನನ್ನ ವರ್ಕ್‌ಶಾಪಿನಲ್ಲೇ ಆದದ್ದು. ಮಾಲೀಕ ಉಡುಪಿ ಕಡೆಯವನು, ನಾನೂ ಅಲ್ಲಿಯವನೇ. ಅದೇ ನನ್ನ ಗ್ರಹಚಾರ.

ಒಪ್ಪಂದ ಎರಡೇ ಪುಟ. ಮಾಲು ಇಳಿಸಿದಾಗ ಡೆಲಿವರಿ ನೋಟಿಗೆ, ಅಂದರೆ ಮಾಲು ತಲುಪಿದ ಚೀಟಿಗೆ, ಅವನ ಕಂಪೆನಿಯ ಸ್ಟಾಂಪು ಬೀಳಬೇಕು, ಆ ನೋಟುಗಳನ್ನು ತೋರಿಸಿದರೆ ಹಣ. ಈ ದೇಶದಲ್ಲಿ ಸ್ಟಾಂಪಿಲ್ಲದ ಕಾಗದ ಕಡಲೆ ಕಟ್ಟಲಿಕ್ಕಷ್ಟೇ ಎಂದು ಹದಿನೆಂಟು ವರ್ಷ ಇಲ್ಲಿ ಬೆವರು ಸುರಿಸಿದ ನನಗೆ ಗೊತ್ತಿರಲಿಲ್ಲವೇ? ಬೇರೆ ಗಿರಾಕಿಯಾಗಿದ್ದರೆ ಪಿಕಪ್ಪಿನಿಂದ ಒಂದು ಹಲಗೆ ಇಳಿಸಲೂ ಬಿಡುತ್ತಿರಲಿಲ್ಲ. ಊರಿನವನ ಹತ್ತಿರ ಕೇಳಲು ಮಾತ್ರ ನಾಚಿಕೆ. ಒಮ್ಮೆ ಹೇಗೋ ಕೇಳಿದ್ದಕ್ಕೆ ನಕ್ಕುಬಿಟ್ಟ.

"ಎಂಥ ಮಾರಾಯ್ರೆ, ನಮ್ಮ ನಮ್ಮೊಳಗೆ ಸ್ಟಾಂಪಾ? ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

ಮರುಗಳಿಗೆ ನನ್ನ ಬಡಗಿಗಳಿಗೆ ಅಂಜಲ್ ಮೀನಿನ ಫ್ರೈ ಊಟ ಹಾಕಿಸಿದ. ನಾನು ನೋಟು ಮಡಚಿ ಕಿಸೆಗಿಟ್ಟುಕೊಂಡೆ. ಆರು ಲೋಡು ಹೀಗೇ ಹೋಯಿತು.

ಏಳನೆಯದು ತೇಗದ ದೇವರ ಮಂಟಪ. ನಾನೇ ಕೂತು ಕೆತ್ತಿದ್ದು. ಓಪನಿಂಗಿಗೆ ನನ್ನ ಉಡುಗೊರೆ ಇರಲಿ ಎಂದು ನೋಟಿನಲ್ಲಿ 'ಉಚಿತ' ಎಂದು ಬರೆದು ಕಳಿಸಿದ್ದೆ. ಅಂದು ಮಾಲೀಕ ಇರಲಿಲ್ಲ. ಕೌಂಟರಿನಲ್ಲಿದ್ದ ಹೊಸ ಗುಮಾಸ್ತ ನಿಯಮದ ಮನುಷ್ಯ, ಸ್ಟಾಂಪು ಒತ್ತಿಯೇ ಕೊಟ್ಟ.

ಹೋಟೆಲು ತೆರೆದು ಒಂಬತ್ತು ತಿಂಗಳಾದರೂ ಮಾಲೀಕನದು ಒಂದೇ ಮಾತು, ಹಣ ಮುಂದಿನ ವಾರ. ಹಣ ಬಾರದಿದ್ದರೆ ನನ್ನ ವರ್ಕ್‌ಶಾಪು ಉಳಿಯುವಂತಿರಲಿಲ್ಲ, ನಾಲ್ವರು ಬಡಗಿಗಳ ವೀಸಾವೂ ಅದರೊಂದಿಗೇ ಹೋಗುತ್ತಿತ್ತು. ಹೆಂಡತಿಯ ಬಳೆ ಮಾರಿ ಕೋರ್ಟ್ ಫೀಸು ಕಟ್ಟಿದೆ. ಕೈಯಲ್ಲಿದ್ದ ಒಂದೇ ಸ್ಟಾಂಪು ಎಂದು ಮಂಟಪದ ನೋಟನ್ನೂ ಅರಬಿಗೆ ಅನುವಾದ ಮಾಡಿಸಿ ಲಗತ್ತಿಸಿದೆ. ಅಷ್ಟು ಬುದ್ಧಿವಂತ ನಾನು!

ಲೆಕ್ಕಪತ್ರ ನೋಡಲು ಕೋರ್ಟು ನೇಮಿಸಿದ ತಜ್ಞ ಸಭ್ಯ ಮನುಷ್ಯ. ವಿಡಿಯೋದಲ್ಲಿ ಇಬ್ಬರನ್ನೂ ಕೂರಿಸಿ ವಿಚಾರಿಸಿದ. ಮಾಲೀಕನ ಬೆನ್ನ ಹಿಂದೆ ನಾನು ಮಾಡಿದ ಗೋಡೆಯೇ ಕಾಣುತ್ತಿತ್ತು. ಅದನ್ನು ತೋರಿಸಿ, ಇದು ನನ್ನ ಕೆಲಸ ಎಂದೆ. ಅವನ ವಕೀಲ ತಣ್ಣಗೆ ಬಿಲ್ಲುಗಳನ್ನು ತೆಗೆದ. ಮೇಜು ಕುರ್ಚಿ ಎಲ್ಲವೂ ಮಾಲೀಕನ ಭಾವನ ಟ್ರೇಡಿಂಗ್ ಕಂಪೆನಿಯಿಂದ ಬಂದದ್ದಂತೆ! ಪುಟಪುಟಕ್ಕೂ ಸ್ಟಾಂಪು. ಆಮೇಲೆ ನನ್ನದೇ ನೋಟು ಓದಿದ. ಈತ ಕೊಟ್ಟದ್ದು ಇದೊಂದೇ, ಅದೂ ಉಚಿತವಾಗಿ ಎಂದ. ಮಾಲೀಕ ಗಂಭೀರವಾಗಿ ತಲೆಯಾಡಿಸಿದ. ನಾನು ಕ್ಯಾಮೆರಾ ಆಫ್ ಮಾಡಿದೆ.

ದಾವೆ ವಜಾ ಆಯಿತು. ವರ್ಕ್‌ಶಾಪಿನ ಕೀಲಿ ಒಪ್ಪಿಸಿದೆ. ಇಬ್ಬರು ಬಡಗಿಗಳಿಗೆ ಬೇರೆ ಕಡೆ ಕೆಲಸ ಸಿಕ್ಕಿತು, ಇನ್ನಿಬ್ಬರು ಊರಿಗೆ ಹೋದರು. ವಿಮಾನ ನಿಲ್ದಾಣದಲ್ಲಿ ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ.

ಆ ಮಾಲೀಕ ಹೊಲಸು ಮನುಷ್ಯ, ಅಷ್ಟೇ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಅದೇ ತಿಂಗಳು ದುಬೈಯ ಮಿರ್ದಿಫ್‌ನಲ್ಲಿ ಪರಿಚಯದವರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಊಟದ ಹೊತ್ತಿಗೆ ಅವನು ಬಂದು ನನ್ನ ಹೆಗಲ ಮೇಲೆ ಕೈ ಹಾಕಿದ.

"ಕೇಸು ಕೇಸಿನ ಜಾಗದಲ್ಲಿ ಮಾರಾಯ್ರೆ. ಅದು ಖಲಾಸ್. ನಾವು ನಾವೇ ಅಲ್ವಾ?"

ಸುತ್ತಲಿದ್ದ ಊರವರು ನಮ್ಮನ್ನೇ ನೋಡುತ್ತಿದ್ದರು. ಕೈ ತೆಗಿ ಎಂಬ ಮಾತು ನಾಲಗೆ ತುದಿಗೆ ಬಂದಿತ್ತು. ಮತ್ತೆ ಅದೇ ದರಿದ್ರ ನಾಚಿಕೆ.

"ಹೌದು ಹೌದು" ಎಂದೆ. ಅವನು ಕೊಟ್ಟ ಪಾಯಸದ ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಕುಡಿದೆ ಕೂಡ.