ಚಿಕ್ಕಮಾದಪ್ಪನ ಮೂಗು

ಗುಂಡಾಲ್ ಡ್ಯಾಮಿನಲ್ಲಿ ಮೀನು ಹಿಡಿಯುವವರ ತೆಪ್ಪಗಳಿಗೆ ಚಿಕ್ಕಮಾದಪ್ಪನೇ ವೈದ್ಯ. ಹನೂರು ರಸ್ತೆಯ ಪಕ್ಕದಲ್ಲಿ ಅವನ ಮನೆ, ಅದಕ್ಕೆ ತಾಗಿಕೊಂಡು ನನ್ನ ಮನೆ. ಅವನ ಅಂಗಳದಲ್ಲಿ ಯಾವಾಗ ನೋಡಿದರೂ ಎರಡು ಮೂರು ತೆಪ್ಪ ಕಲ್ಲಿನ ಮೇಲೆ ಬೋರಲು ಬಿದ್ದಿರುತ್ತವೆ. ಬಿದಿರಿನ ದುಂಡನೆಯ ಬುಟ್ಟಿಗೆ ಕ್ಯಾನ್ವಾಸ್ ಬಟ್ಟೆ ಹೊದಿಸಿ, ರಾಳ ಬೆರೆಸಿದ ಡಾಂಬರು ಬಳಿಯುವುದು ಅವನ ಕಸುಬು. ಈಗ ಬಹಳ ಜನ ಪ್ಲಾಸ್ಟಿಕ್ ಶೀಟು ಹೊದಿಸುತ್ತಾರೆ. ಆ ಮಾತೆತ್ತಿದರೆ ಚಿಕ್ಕಮಾದಪ್ಪನಿಗೆ ಮೈಯೆಲ್ಲ ಉರಿ.

ಮಳೆಗಾಲ ಕಳೆದ ಮೇಲೆ ಜನ ತೆಪ್ಪದ ಹಳೆಯ ಬಟ್ಟೆ ಬಿಚ್ಚಿ ತಂದು ಹಾಕುತ್ತಾರೆ. ಅವನು ಅದನ್ನು ಸೋಪಿನಲ್ಲಿ ಉಜ್ಜಿ, ಮೂರು ದಿನ ಬಿಸಿಲಿಗೆ ಒಣಗಿಸಿ, ಆಮೇಲೆ ಒಂದೊಂದು ಮಡಿಕೆಗೂ ಮೂಗಿಟ್ಟು ಮೂಸುತ್ತಾನೆ. ತಳಕ್ಕೆ ಎರಡು ಪದರ ಬಟ್ಟೆ. ನಡುವೆ ತೇವ ನಿಂತರೆ ಬೂಷ್ಟು ಹಿಡಿದು ನೂಲು ಒಳಗೊಳಗೇ ಕೊಳೆಯುತ್ತದೆ. ಹಳೆ ಡಾಂಬರಿಗೆ ಮೊದಲೇ ಕಪ್ಪಾದ ಬಟ್ಟೆಯಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ. ಮುಗ್ಗಲು ವಾಸನೆಯೊಂದೇ ಗುರುತು. ಅಂಥ ಬಟ್ಟೆಗೆ ಎಷ್ಟು ಡಾಂಬರು ಬಳಿದರೂ ಒಂದು ದಿನ ನೀರಿನ ನಡುವೆ ತಳ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಇಲ್ಲಿನವರು ಹಳೆ ತೆಪ್ಪ ಕೊಳ್ಳುವಾಗ ಚಿಕ್ಕಮಾದಪ್ಪ ಮೂಸಿದ್ದಾನಾ ಎಂದು ಕೇಳುತ್ತಾರೆ.

ಆ ಮೂಗು ಕೊರೊನಾ ವರ್ಷದ ಜ್ವರದಲ್ಲಿ ಹೋಯಿತು. ಅವನು ಯಾರಿಗೂ ಹೇಳಲಿಲ್ಲ, ಹೆಂಡತಿ ದೊಡ್ಡಬಸಮ್ಮನಿಗೂ ಹೇಳಲಿಲ್ಲ. ಒಲೆಯ ಮೇಲೆ ಹಾಲು ಸೀದರೂ ಪಕ್ಕದಲ್ಲೇ ಕೂತಿರುತ್ತಿದ್ದ. ಅವಳು ಇವನಿಗೆ ಮೈಮೇಲೆ ಜ್ಞಾನವೇ ಇಲ್ಲ ಎಂದು ಬೈಯುತ್ತಿದ್ದಳು. ಡಾಂಬರು ಕುದಿಯುವಾಗ ಗಂಟಲು ಕೆರೆಯುತ್ತಿತ್ತು, ಕಣ್ಣು ಉರಿಯುತ್ತಿತ್ತು. ಅದನ್ನೇ ವಾಸನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಮನಸ್ಸು ತಡೆಯದೆ ಮೂರು ದಿನದ ಬಿಸಿಲನ್ನು ಐದು ದಿನ ಮಾಡಿದ, ನಿಜ. ಆದರೆ ಜನರ ಮುಂದೆ ಬಟ್ಟೆಗೆ ಮೂಗಿಟ್ಟು, ಕಣ್ಣು ಮುಚ್ಚಿ, ಬಲ್ಲವನ ಹಾಗೆ ತಲೆ ಆಡಿಸುತ್ತಿದ್ದ. ಆ ತಲೆ ಆಡಿಸಿದ್ದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ.

ಕಳೆದ ವರ್ಷ, ಡ್ಯಾಮಿನಲ್ಲಿ ಮೀನು ಹಿಡಿಯುವ ಪುಷ್ಪ ತನ್ನ ತೆಪ್ಪದ ಬಟ್ಟೆ ತಂದಳು. ಅವಳ ಗಂಡ ಕೊಳ್ಳೇಗಾಲದಲ್ಲಿ ಗೂಡ್ಸ್ ಆಟೋ ಓಡಿಸುತ್ತಾನೆ. ಬಲೆ, ತೆಪ್ಪ ಎಲ್ಲ ಅವಳದೇ. ಚಿಕ್ಕಮಾದಪ್ಪನನ್ನು ಚಿಕ್ಕಂದಿನಿಂದಲೂ ಮಾವ ಎಂದೇ ಕರೆಯುತ್ತಿದ್ದಳು. ಎರಡು ದಿನ ಬಿಸಿಲು ಬಂತು, ಮೂರನೆಯ ದಿನ ಮೋಡ ಮುಚ್ಚಿತು. ಮೀನು ಸಿಗುವ ದಿನಗಳು, ಬೇಗ ಕೊಡು ಎಂದು ಅವಳು ಬೆನ್ನು ಬಿದ್ದಳು. ಇವನು ಮೂಸಿದ, ತಲೆ ಆಡಿಸಿದ, ಬಳಿದು ಕೊಟ್ಟ.

ತೆಪ್ಪ ಹೋದ ಮರುದಿನ ಬೆಳಿಗ್ಗೆ ದೊಡ್ಡಬಸಮ್ಮ ಅಂಗಳ ಗುಡಿಸುತ್ತಾ ಒಂದು ತುಂಡು ಬಟ್ಟೆ ಎತ್ತಿದವಳೇ ಮುಖ ತಿರುಗಿಸಿದಳು.

"ಇದೇನು ಇಂಗೆ ಮುಗ್ಗಲು ವಾಸ್ನೆ ಒಡೀತದೆ? ಯಾರ್ ತೆಪ್ಪದ್ದು?"

ಅದು ಪುಷ್ಪಳ ತೆಪ್ಪದ ತಳದಿಂದ ಕತ್ತರಿಸಿ ಉಳಿದ ಅಂಚು. ಚಿಕ್ಕಮಾದಪ್ಪ ಅದನ್ನು ಕಸಿದುಕೊಂಡು ಮೂಸಿದ, ಮತ್ತೆ ಮೂಸಿದ. ಏನೂ ಬರಲಿಲ್ಲ. ಪುಷ್ಪಳಿಗೆ ಫೋನ್ ಮಾಡಿದರೆ, ಅವಳು ಮನೆಯಲ್ಲೇ ಬಿಟ್ಟುಹೋಗಿದ್ದ ಫೋನು ಸುಮ್ಮನೆ ಹೊಡೆದುಕೊಂಡಿತು. ನನ್ನ ಹತ್ತಿರ ಓಡಿ ಬಂದು ಡ್ಯಾಮಿಗೆ ಬಿಡು ಎಂದ. ಯಾಕೆಂದು ಕೇಳಿದರೆ ಸುಮ್ಮನೆ ನಡಿ ಎಂದ. ಸ್ಕೂಟರಿನ ಹಿಂದೆ ಕೂತು ದಾರಿಯುದ್ದಕ್ಕೂ ಬೇಗ ಬೇಗ ಎನ್ನುತ್ತಿದ್ದ.

ಪುಷ್ಪ ದೂರದ ನೀರಿನಲ್ಲಿ ಬಲೆ ಎತ್ತುತ್ತಿದ್ದಳು, ಗಾಳಿ ಎದ್ದಿತ್ತು. ದಡದಲ್ಲಿ ಯಳಂದೂರು ಕಡೆಯ ಬಿಳಿಗಿರಿ ಎಂಬುವನೂ ಮತ್ತಿಬ್ಬರೂ ಮೀನು ವಿಂಗಡಿಸುತ್ತಿದ್ದರು. ಅವಳನ್ನು ಕರೆತನ್ನಿ ಎಂದು ಅವರಿಗೆ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳಿದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಅಲ್ಲಿದ್ದ ತೆಪ್ಪಗಳೆಲ್ಲ ಇವನೇ ಮೂಸಿ ಬಳಿದವು. ಚಿಕ್ಕಮಾದಪ್ಪ ನೀರನ್ನೇ ನೋಡುತ್ತಾ ನಿಂತುಬಿಟ್ಟ. ಬಿಳಿಗಿರಿ ಮಾತಾಡಿಸಿದರೆ ಗಾಳಿ ಜಾಸ್ತಿ ಅಲ್ಲವಾ ಎಂದ. ಏನೋ ಕೆಟ್ಟದ್ದಾಗಿದೆ ಎಂದು ನನಗೆ ಅನ್ನಿಸಿತು, ಏನೆಂದು ಮಾತ್ರ ತಿಳಿಯದು.

ಆಗ ದೂರದಲ್ಲಿ ಪುಷ್ಪಳ ಕೈ ಮೇಲೆದ್ದಿತು. ಚಿಕ್ಕಮಾದಪ್ಪ ಬಿಳಿಗಿರಿಯ ತೋಳು ಹಿಡಿದು ಜಗ್ಗಿದ.

"ಬೇಗ ಓಗ್ಲಾ ಬಿಳಿಗಿರಿ. ಅದ್ರ ತಳ ಕೊಳ್ತೋಗದೆ. ನಂಗೆ ವಾಸ್ನೆ ಬರಾಕಿಲ್ಲ ಕಣ್ಲಾ. ಎಲ್ರಿಗೂ ಸುಳ್ಳೇಳ್ದೆ."

ಬಿಳಿಗಿರಿ ಒಂದು ಗಳಿಗೆ ತನ್ನ ತೆಪ್ಪವನ್ನೇ ನೋಡಿದ. ಅದನ್ನೂ ಬಳಿದವನು ಇವನೇ. ಆದರೂ ನೀರಿಗೆ ತಳ್ಳಿ ಹತ್ತಿದ, ಹುಟ್ಟು ಹಾಕಿದ. ಅವನಿಗೆ ನಾನು ಆವತ್ತು ಮನಸ್ಸಿನಲ್ಲೇ ಕೈ ಮುಗಿದೆ.

ಅವಳನ್ನು ತನ್ನ ತೆಪ್ಪಕ್ಕೆ ಹತ್ತಿಸಿಕೊಂಡು, ಅವಳದನ್ನು ಹಗ್ಗಕ್ಕೆ ಕಟ್ಟಿ ಎಳೆದು ತರುವಷ್ಟರಲ್ಲಿ ಅರ್ಧ ಗಂಟೆ ಆಯಿತು. ಖಾಲಿ ತೆಪ್ಪದಲ್ಲಿ ನಾಲ್ಕು ಬೆರಳು ನೀರು ನಿಂತಿತ್ತು. ಬಲೆಯಿಂದ ಸೋರಿದ್ದು ಎಂದುಕೊಂಡಿದ್ದಳಂತೆ. ಬೋರಲು ಹಾಕಿದ ಮೇಲೆ ಚಿಕ್ಕಮಾದಪ್ಪನೇ ಚಾಕು ತೆಗೆದು ತಳದ ಹೊಲಿಗೆ ಬಿಚ್ಚಿದ. ಒಳಪದರಕ್ಕೆ ಬೆರಳು ಒತ್ತಿದರೆ ನೆನೆದ ಹಪ್ಪಳದಂತೆ ತೂತಾಯಿತು. ಬಿಳಿಗಿರಿ ದಾರಿಯಲ್ಲೇ ವಿಷಯ ಹೇಳಿದ್ದ. ಪುಷ್ಪ ಬಟ್ಟೆಯನ್ನು ನೋಡಲಿಲ್ಲ, ಇವನನ್ನು ನೋಡಿದಳು.

"ಬಾಯ್ಬುಡಕ್ಕೆ ಮೊದ್ಲು ಎಷ್ಟೊತ್ತು ನಿಂತಿದ್ದೆ ಮಾವ?"

ಅವನು ಸುಳ್ಳು ಹೇಳಬಹುದಿತ್ತು, ನಾನು ಸುಮ್ಮನಿರುತ್ತಿದ್ದೆನೇನೋ.

"ಒಂದು ಬೀಡಿ ಸೇದೋ ಅಷ್ಟೊತ್ತು."

"ನೀನು ದಡದಲ್ಲಿರೋದು ಕಂಡು ಖುಷಿಯಾಗಿ ಕೈ ಬೀಸ್ದೆ ನಾನು," ಎಂದಳು. ಅದಾದ ಮೇಲೆ ಬಲೆ ಮಡಚಿದಳು. ಚಿಕ್ಕಮಾದಪ್ಪ ಎಲ್ಲರೆದುರು ಅತ್ತ.

ಮರುದಿನ ಅವಳು ಬಂದಳು. ಅಂಗಳದ ಬಟ್ಟೆಗಳನ್ನೆಲ್ಲ ಮೂಸಿ ಎರಡನ್ನು ಪಕ್ಕಕ್ಕೆ ಎಸೆದಳು. ಆಮೇಲೆ ದಡದ ತೆಪ್ಪಗಳ ತಳ ಒಂದೊಂದಾಗಿ ಬಿಚ್ಚಿಸಿ ಮೂಸಿದಳು. ಸಂಕ್ರಾಂತಿಯವರೆಗೂ ಅದೇ ಕೆಲಸ. ಬಿಳಿಗಿರಿಯ ತಳ ಗಟ್ಟಿಯಿತ್ತು. ಈಗಲೂ ಮೂಸುವುದು ಅವಳು, ಬಳಿಯುವುದು ಅವನು. ಇದನ್ನು ಒಣಗಿಸು, ಇದು ಬೇಡ ಎಂದು ಕೆಲಸದ ಮಾತೆಲ್ಲ ಆಡುತ್ತಾಳೆ. ಮಾವ ಎಂದು ಕರೆಯುವುದನ್ನು ಮಾತ್ರ ಮತ್ತೆ ಶುರು ಮಾಡಿಲ್ಲ.