ಹತ್ತನೇ ತರಗತಿಯ ಫೋಟೊಗಳಿಗೆ ನಂಬರು ಹಾಕಿದ್ದು

ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಶಿಡ್ಲಘಟ್ಟ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಹತ್ತನೇ ತರಗತಿಯ ಕ್ಲಾಸ್ ಟೀಚರ್ ಆಗಿದ್ದ ವರ್ಷ ಅದು. ಚಿಂತಾಮಣಿಯಿಂದ ದಿನವೂ ಸ್ಕೂಟರಿನಲ್ಲಿ ಹೋಗಿ ಬರುತ್ತಿದ್ದೆ.

ಪರೀಕ್ಷೆಯ ಅರ್ಜಿಯ ಜೊತೆ ಮಕ್ಕಳ ಫೋಟೊಗಳನ್ನು ಕಂಪ್ಯೂಟರಿನಲ್ಲಿ ಕಳಿಸಬೇಕಿತ್ತು. ಪ್ರತಿ ಫೋಟೊಗೂ ಆ ಮಗುವಿನ ನಂಬರನ್ನೇ ಹೆಸರಾಗಿ ಕೊಡಬೇಕು. ಸ್ಟುಡಿಯೋದವನು ಬಂದು ಹಾಜರಿ ಪುಸ್ತಕದ ಕ್ರಮದಲ್ಲೇ, ಮೊದಲು ಹುಡುಗರು ಆಮೇಲೆ ಹುಡುಗಿಯರು, ಒಬ್ಬೊಬ್ಬರನ್ನೇ ಬಿಳಿ ಬಟ್ಟೆಯ ಮುಂದೆ ಕೂರಿಸಿ ಫೋಟೊ ತೆಗೆದ. ಅವತ್ತು ನನ್ನ ತರಗತಿಯ ಒಬ್ಬ ಹುಡುಗಿ ಬಂದಿರಲಿಲ್ಲ. ಅವರ ಮನೆಯಲ್ಲಿ ಹುಳ ಹಣ್ಣಾಗಿತ್ತು.

ರೇಷ್ಮೆ ಹುಳ ಸೊಪ್ಪು ತಿನ್ನುವುದನ್ನು ಬಿಟ್ಟು, ಮೈ ಹಳದಿ ತಿರುಗಿ, ಗೂಡು ಕಟ್ಟಲು ತಲೆ ಆಡಿಸತೊಡಗಿತು ಅಂದರೆ ಆ ಮನೆಯಲ್ಲಿ ಅಜ್ಜಿಯಿಂದ ಹಿಡಿದು ಕೂಸಿನವರೆಗೆ ಯಾರೂ ಆಚೆ ಕಾಲಿಡುವ ಹಾಗಿಲ್ಲ. ಒಂದೊಂದೇ ಹುಳವನ್ನು ಆರಿಸಿ, ಗೂಡು ಕಟ್ಟಲು ಹೆಣೆದ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ ಬಿಡಬೇಕು. ತಡವಾದರೆ ಕಂಡಕಂಡಲ್ಲಿ ನೂಲು ಸುತ್ತಿ ಬೆಳೆಯೇ ಕೈಬಿಟ್ಟು ಹೋಗುತ್ತದೆ. ನಾನೂ ಹುಳ ಸಾಕಿದ ಮನೆಯಲ್ಲೇ ಬೆಳೆದವಳು. ಅಂಥ ದಿನ ಮಗು ಸ್ಕೂಲಿಗೆ ಬರದಿದ್ದರೆ ನಮ್ಮ ಸೀಮೆಯ ಯಾವ ಮೇಷ್ಟ್ರೂ ಯಾಕೆ ಅಂತ ಕೇಳುವುದಿಲ್ಲ.

ನಮ್ಮ ಕಂಪ್ಯೂಟರ್ ಮೇಷ್ಟ್ರಿಗೆ ಮಾತ್ರ ಅದು ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಅವರು ಪೇಟೆಯಲ್ಲೇ ಬೆಳೆದು ಚಿಕ್ಕಬಳ್ಳಾಪುರದಿಂದ ಬೈಕಿನಲ್ಲಿ ಬರುತ್ತಿದ್ದವರು, ಇನ್ನೂ ಚಿಕ್ಕ ವಯಸ್ಸು. ಒಂದೊಂದೇ ಫೋಟೊ ತೆರೆದು ಹೆಸರು ಬದಲಾಯಿಸುವುದು ದಡ್ಡರ ಕೆಲಸ ಅಂತ ಅವರ ಅಭಿಪ್ರಾಯ. ಎಲ್ಲ ಫೋಟೊಗಳ ಹೆಸರನ್ನೂ ಕಂಪ್ಯೂಟರೇ ಒಂದೇ ಸಲ ಬದಲಾಯಿಸುವ ಹಾಗೆ ಒಂದು ಬ್ಯಾಚ್ ಫೈಲ್ ಬರೆದರು. ಒಂದು ಕಡೆ ಮಕ್ಕಳ ನಂಬರುಗಳು, ಇನ್ನೊಂದು ಕಡೆ ಕ್ಯಾಮೆರಾದಿಂದ ಬಂದ ಫೋಟೊಗಳು. ಮೊದಲನೆಯದಕ್ಕೆ ಮೊದಲನೇ ನಂಬರು, ಎರಡನೆಯದಕ್ಕೆ ಎರಡನೇ ನಂಬರು, ಹೀಗೇ ಕೊನೆಯವರೆಗೆ. ಸ್ಟಾಫ್ ರೂಮಿನವರನ್ನೆಲ್ಲ ಕರೆದು ಸುತ್ತ ನಿಲ್ಲಿಸಿಕೊಂಡು ಎಂಟರ್ ಒತ್ತಿದರು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರ ಓಡಿದವು. ಹೆಡ್ಮಾಸ್ಟರು ಚಪ್ಪಾಳೆ ತಟ್ಟಿದರು.

ಒಬ್ಬಳು ಬಂದಿಲ್ಲ, ಅವಳ ಫೋಟೊ ಆಮೇಲೆ ತೆಗೆಸಬೇಕು ಅಂತ ನಾನು ಅಲ್ಲೇ ಹೇಳಿದೆ. ಅವರು ಪರದೆಯಿಂದ ಕಣ್ಣು ಕೀಳಲಿಲ್ಲ. "ಫೋಟೊ ಎಷ್ಟು, ನಂಬರ್ ಎಷ್ಟು, ಎರಡೂ ಒಂದೇ ಇದೆ ಮೇಡಂ. ಲೆಕ್ಕ ಕರೆಕ್ಟಾಗಿದೆ. ನೀವೇ ಸರಿಯಾಗಿ ನೋಡಿಲ್ಲ" ಅಂದರು. ದಿನವೂ ಹಾಜರಿ ಕೂಗುವವಳು ನಾನು, ನೋಡಿಲ್ಲದವಳೂ ನಾನೇ.

ಲೆಕ್ಕ ಹೇಗೆ ಸರಿಹೋಗಿತ್ತು ಅನ್ನುವುದು ಹೆಸರು, ಫೋಟೊ ಸಮೇತ ಅರ್ಜಿಯ ಕರಡು ಪ್ರತಿ ಪ್ರಿಂಟಾಗಿ ಬಂದ ದಿನ ತಿಳಿಯಿತು. ಹುಡುಗರ ಸಾಲಿನಲ್ಲಿ ಒಬ್ಬ ಫೋಟೊ ತೆಗೆಯುವಾಗ ಕಣ್ಣು ಮುಚ್ಚಿಬಿಟ್ಟಿದ್ದ. ಸ್ಟುಡಿಯೋದವನು ಇನ್ನೊಂದು ತೆಗೆದ, ಆದರೆ ಮೊದಲನೆಯದನ್ನು ಅಳಿಸಲಿಲ್ಲ. ಅಲ್ಲಿ ಒಂದು ಹೆಚ್ಚಾಯಿತು, ಈ ಹುಡುಗಿಯ ಜಾಗದಲ್ಲಿ ಒಂದು ಕಡಿಮೆಯಾಯಿತು. ನಡುವೆ ಇದ್ದವರೆಲ್ಲ ಒಂದೊಂದು ಮನೆ ಜರುಗಿದರು. ಹುಡುಗಿಯರಲ್ಲಿ ಮೊದಲನೆಯವಳ ಹೆಸರಿನ ಪಕ್ಕ ಚಿಗುರುಮೀಸೆಯ ಹುಡುಗ. ಬಾರದಿದ್ದ ಹುಡುಗಿಯ ಹೆಸರಿನ ಪಕ್ಕ ಅವಳ ಹಿಂದಿನ ನಂಬರಿನವಳ ಮುಖ. ಮಕ್ಕಳು ಬಿದ್ದು ಬಿದ್ದು ನಕ್ಕವು. ಫೋಟೊ ದಿನ ಬಾರದಿದ್ದವಳು ಅಂದೂ ಬಂದಿರಲಿಲ್ಲ, ಮೈ ಹುಷಾರಿಲ್ಲ ಅಂತ ಹೇಳಿ ಕಳಿಸಿದ್ದಳು.

ತಿದ್ದಿ ಕಳಿಸಲು ಅಂದು ಸಾಯಂಕಾಲವೇ ಗಡುವು. ಹೆಡ್ಮಾಸ್ಟರ ರೂಮಿಗೆ ಹೋದರೆ ಕಂಪ್ಯೂಟರ್ ಮೇಷ್ಟ್ರು ಆಗಲೇ ಅಲ್ಲಿ ಕೂತು, ಆ ಹುಡುಗಿ ಚಕ್ಕರ್ ಹೊಡೆದದ್ದರಿಂದಲೇ ಇಷ್ಟೆಲ್ಲ ಆಯಿತು, ಬ್ಯಾಚ್ ಫೈಲಿನಲ್ಲಿ ಏನೂ ತಪ್ಪಿಲ್ಲ ಅನ್ನುತ್ತಿದ್ದರು. ಕುಣಿಯಲಾರದವರಿಗೆ ನೆಲ ಡೊಂಕು. ಹೆಡ್ಮಾಸ್ಟರು ಅದಕ್ಕೆ ತಲೆಯಾಡಿಸಿ, ಉಳಿದವರದ್ದು ಸರಿಮಾಡಿ ಕಳಿಸೋಣ, ಅವಳು ಬೇಕಾದರೆ ಮುಂದಿನ ಸಲ ಪರೀಕ್ಷೆ ಕಟ್ಟಿಕೊಳ್ಳಲಿ ಅಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದನ್ನು ಕೇಳಿದ್ದೆ, ಅಂದು ಕಣ್ಣಾರೆ ಕಂಡೆ. ಏನೇನು ಅಂದೆನೋ ಎಲ್ಲ ನೆನಪಿಲ್ಲ. ನಾನು ವಾಪಸ್ ಬರುವ ತನಕ ಒಂದು ಫೋಟೊನೂ ಮುಟ್ಟಕೂಡದು ಅಂತ ಹೇಳಿ ಸ್ಕೂಟರ್ ಹತ್ತಿದ್ದು ನೆನಪಿದೆ.

ಅವಳ ಮನೆ ದಿಬ್ಬೂರಹಳ್ಳಿ ದಾಟಿ ಇನ್ನೂ ಮುಂದೆ. ನಾನು ಹೋದಾಗ ಹುಡುಗಿ ಅಂಗಳದಲ್ಲಿ ಖಾಲಿ ಚಂದ್ರಿಕೆಗಳನ್ನು ತೊಳೆಯುತ್ತಿದ್ದಳು. ಹುಷಾರಿಲ್ಲದವಳ ಹಾಗೆ ಏನೂ ಕಾಣಲಿಲ್ಲ. ಅವಳ ಅಪ್ಪ ಮಂಚ ಎಳೆದು ಕೂರಿಸಿ, ನಾನು ಬಂದ ಕಾರಣ ಕೇಳಿಕೊಂಡರು.

"ಪೋನೀ, ಹೋಗ್ಲಿ ಬಿಡಿ ಮೇಡಂ" ಅಂದರು ಆಮೇಲೆ. "ಹೆಂಗೂ ಈ ವರ್ಷಕ್ಕೆ ಬಿಡಿಸಬೇಕು ಅಂತಾನೇ ಇದ್ವಿ. ಗಂಡಿನ ಕಡೆಯೋರು ಬಂದು ನೋಡ್ಕೊಂಡು ಹೋಗವ್ರೆ. ದೇವ್ರೇ ದಾರಿ ತೋರಿಸ್ದಂಗಾಯ್ತು."

ಅವಳಿಗೆ ಏನು ಹುಷಾರಿಲ್ಲದ್ದು ಅಂತ ಆಗ ಗೊತ್ತಾಯಿತು. ನನಗೆ ನೆತ್ತಿಗೇರಿತು. ಯಾವ ದೇವರು? ಚಿಕ್ಕಬಳ್ಳಾಪುರದಿಂದ ಬೈಕಿನಲ್ಲಿ ಬರುವ ದೇವರಾ? ಸ್ಟುಡಿಯೋದವನ ಸೋಮಾರಿತನ, ಮೇಷ್ಟ್ರ ಪೊಗರು, ಹೆಡ್ಮಾಸ್ಟರ ಹೇಡಿತನ, ಮೂರೂ ಸೇರಿ ಈ ಮನೆಗೆ ಬರುವ ಹೊತ್ತಿಗೆ ದೇವರಾಗಿದ್ದವು. ಮದುವೆ ವಯಸ್ಸಾಗದ ಹುಡುಗಿಗೆ ಗಂಡು ನೋಡಿದರೆ ಏನಾಗುತ್ತದೆ ಅಂತ ಅವರಿಗೆ ಬಿಡಿಸಿ ಹೇಳಿದೆ. ಯಾರಿಗೆ ಬರೆಯಬೇಕೋ ಅವರಿಗೆ ನಾನೇ ಬರೆಯುತ್ತೇನೆ ಅಂತಲೂ ಹೇಳಿದೆ. ಮಾತು ಒರಟಾಗಿಯೇ ಇತ್ತು. ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತರು.

ಅಪ್ಪ ತಲೆ ತಗ್ಗಿಸಿಕೊಂಡು ಕೂತಿದ್ದರು. ಹುಡುಗಿ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಎದ್ದಳು.

"ಎಲ್ಲಿ ನಿಂತ್ಕೊಳ್ಳಲಿ ಮೇಡಂ?"

ಸುಣ್ಣ ಬಳಿದ ಗೋಡೆ ತೋರಿಸಿದೆ. ಅಪ್ಪನ ಮುಂದೆಯೇ ಹಾದು ಹೋಗಿ ನಿಂತಳು. ಸಿಟ್ಟಿನ ಭರದಲ್ಲಿ ಫೋನ್ ತೆಗೆದು ಒತ್ತಿದೆ, ಮೊದಲ ಫೋಟೊ ಮಸುಕಾಯಿತು. ಎರಡನೆಯದು ಸರಿಯಾಗಿ ಬಂತು.

ಸ್ಕೂಲಿಗೆ ವಾಪಸಾದಾಗ ಕಂಪ್ಯೂಟರ್ ಮೇಷ್ಟ್ರು ಆಗಲೇ ಇನ್ನೊಂದು ಬ್ಯಾಚ್ ಫೈಲ್ ಬರೆದು ಕಾಯುತ್ತಿದ್ದರು. ಎಲ್ಲರನ್ನೂ ಒಂದೊಂದು ನಂಬರು ಹಿಂದಕ್ಕೆ ಸರಿಸುತ್ತದಂತೆ, ಎಂಟರ್ ಒತ್ತಿದರೆ ಸಾಕಂತೆ. ಆ ಕಪ್ಪು ಪರದೆಯನ್ನು ಮೊದಲು ಮುಚ್ಚಿ ಅಂದೆ. ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತೆ. ಒಂದೊಂದೇ ಫೋಟೊ ತೆರೆಸಿದೆ. ಮುಖ ನೋಡಿ ಇದು ಇಂಥವನು, ಇದು ಇಂಥವಳು ಅಂತ ಹೇಳುತ್ತಾ ಹೋದೆ, ಅವರು ಹಲ್ಲು ಕಚ್ಚಿಕೊಂಡು ನಂಬರು ಟೈಪು ಮಾಡುತ್ತಾ ಹೋದರು. ಹೆಡ್ಮಾಸ್ಟರು ಬಾಗಿಲಲ್ಲಿ ಇಣುಕಿ, ನನ್ನ ಮುಖ ನೋಡಿ ಹಾಗೇ ಹಿಂದಿರುಗಿದರು.

ಕೊನೆಗೆ ನನ್ನ ಫೋನಿನಿಂದ ಹಾಕಿದ ಫೋಟೊ ತೆರೆದುಕೊಂಡಿತು. ಸುಣ್ಣದ ಗೋಡೆ, ಒದ್ದೆ ತೋಳು, ಕ್ಯಾಮೆರಾವನ್ನೇ ದುರುಗುಟ್ಟಿ ನೋಡುವ ಕಣ್ಣು. ಮೇಷ್ಟ್ರು ಪರದೆಗೆ ಬಗ್ಗಿ ನೋಡಿದರು.

"ಇವಳು ಯಾರು ಮೇಡಂ? ಹೊಸ ಅಡ್ಮಿಷನ್ನಾ?"

ಎಂಟನೇ ತರಗತಿಯಿಂದ ಅವಳಿಗೆ ಕಂಪ್ಯೂಟರ್ ಪಾಠ ಮಾಡಿದವರು ಅವರೇ.

ನಾನು ಅವಳ ಹೆಸರು ಹೇಳಿದೆ. ಕೇಳಿಸಲಿಲ್ಲವೇನೋ ಅಂತ ಇನ್ನೊಂದು ಸಲ, ಗಟ್ಟಿಯಾಗಿ ಹೇಳಿದೆ.